ಹಳೇ ಮನೆಯ ಪೈಪು: ಕ್ಯಾಮೆರಾ ಬಿಡಿಸಬೇಕೆ, ನೆಲ ಅಗೆಸಬೇಕೆ?

ಪುಷ್ಯ ಮಳೆ ಹಿಡಿದ ವಾರವೇ ಕಮೋಡಿನ ನೀರು ಇಳಿಯಲು ತಕರಾರು ಶುರುವಾಗುತ್ತದೆ. ಪ್ಲಂಬರ್ ಬಂದು ಕಾಲಲ್ಲಿ ನೆಲ ತಟ್ಟಿ, ‘ಒಳಗೆ ಪೈಪು ಒಡ್ದಿದೆ, ಬಚ್ಚಲು ಅಗೀಬೇಕು’ ಅನ್ನುತ್ತಾರೆ. ಪಕ್ಕದ ಮನೆಯವರು ‘ಈಗೆಲ್ಲ ಕ್ಯಾಮೆರಾ ಬಿಡ್ತಾರಂತಲ್ಲ, ಮಾಡ್ಸಿ’ ಅನ್ನುತ್ತಾರೆ. ಮನೆಯ ಹಿರಿಯರ ಲೆಕ್ಕದಲ್ಲಿ ಬಿದಿರ ದಬ್ಬೆ ಹಾಕಿ ನಾಲ್ಕು ಸಲ ತಿವಿದರೆ ಮುಗಿಯುವ ಕೆಲಸ ಅದು. ಮೂವರ ಮಾತೂ ಸರಿ ಇರಬಹುದು. ಆದರೆ ಅವು ಮೂರು ಬೇರೆ ಬೇರೆ ಕಾಯಿಲೆಯ ಮದ್ದು.

ಪೈಪಿನೊಳಗೆ ಬಿಟ್ಟು ನೋಡುವ ಕ್ಯಾಮೆರಾ ಯಾವ ರಿಪೇರಿಯನ್ನೂ ಮಾಡುವುದಿಲ್ಲ, ಎಲ್ಲಿ ಅಗೆಯಬೇಕು ಅನ್ನುವುದನ್ನಷ್ಟೇ ಹೇಳುತ್ತದೆ. ಹಾಗಾಗಿ ತಪ್ಪು ಜಾಗ ಅಗೆದರೆ ಆಗುವ ನಷ್ಟ ದೊಡ್ಡದಾಗಿದ್ದಲ್ಲಿ ಮಾತ್ರ ಅದಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆ. ಉಳಿದ ಕಡೆ ಒಂದು ಬಕೆಟ್ಟು, ಒಂದು ಕನ್ನಡಿ, ಇಲ್ಲವೇ ಒಂದು ಹಾರೆಯೇ ಅಗ್ಗದ ಉತ್ತರ.

ತೂಗಿ ನೋಡಲು ಯಾವ ಅಳತೆ?

ಮೊದಲನೆಯದು, ಪೈಪಿನ ಮೇಲೆ ಏನಿದೆ? ಹಿತ್ತಲ ಮಣ್ಣಿದ್ದರೆ ಅಗೆದು ಮುಚ್ಚಬಹುದು. ಅಜ್ಜನ ಕಾಲದ ಕೆಂಪು ಗಾರೆ ನೆಲವಿದ್ದರೆ ಅಗೆದ ಮೇಲೆ ಅದೇ ಬಣ್ಣ, ಅದೇ ಹೊಳಪು ಮತ್ತೆ ಬರುವುದಿಲ್ಲ. ತೇಪೆ ತೇಪೆಯಾಗಿಯೇ ಕಾಣುತ್ತದೆ. ಶಿವಮೊಗ್ಗದ ಹಳೇ ಪೇಟೆಯ ಉದ್ದುದ್ದ ಮನೆಗಳಲ್ಲಿ ಶೌಚಾಲಯ ಹಿಂದೆ, ಯುಜಿಡಿ (ಊರಿನ ಒಳಚರಂಡಿ) ಮುಂದಿನ ರಸ್ತೆಯಲ್ಲಿದ್ದರೆ ಲೈನು ಅಡುಗೆಮನೆ, ನಡುಮನೆ, ಜಗಲಿ ಎಲ್ಲದರ ಅಡಿಯಲ್ಲೂ ಹಾದಿರಬಹುದು.

ಎರಡನೆಯದು ಪೈಪಿನ ಜಾತಿ. ಪಿವಿಸಿ ಬರುವ ಮುಂಚೆ ನೆಲದಡಿ ಹಾಕುತ್ತಿದ್ದದ್ದು ಎಸ್‌ಡಬ್ಲ್ಯು ಪೈಪು, ಅಂದರೆ ಮೆರುಗು ಕೊಟ್ಟು ಸುಟ್ಟ ಮಣ್ಣಿನ ಪೈಪು. ಸಾಮಾನ್ಯವಾಗಿ ಒಂದೊಂದು ತುಂಡು 60 ಸೆಂ.ಮೀ. ಉದ್ದ, ಸಂದಿಗೆ ಸೆಣಬು ತುರುಕಿ ಸಿಮೆಂಟು ಗಾರೆ ಮೆತ್ತಿದ್ದು. 12 ಮೀಟರ್ ಲೈನಿನಲ್ಲಿ ಸುಮಾರು 20 ಸಂದು. ಪೈಪು ನೂರು ವರ್ಷ ಬಾಳೀತು, ಗಾರೆ ಬಾಳುವುದಿಲ್ಲ. ಆ ಸಂದಿಯಿಂದ ಬೇರು ಒಳಗೆ ಬರುತ್ತದೆ, ಮಳೆಗಾಲದಲ್ಲಿ ನೀರು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಕೊಳಚೆ ಹೊರಗೆ ಹೋಗುತ್ತದೆ.

ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿದೆ. ಆಮೇಲೆ ಕಟ್ಟಿದ ಅಟ್ಯಾಚ್ಡ್ ಬಾತ್‌ರೂಮಿನ 4 ಇಂಚು ಪಿವಿಸಿಯನ್ನು ಹಳೇ ಎಸ್‌ಡಬ್ಲ್ಯು ಬಾಯಿಗೆ ತೂರಿಸಿ ಸಿಮೆಂಟು ಮೆತ್ತಿದ ಕಡೆ. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ. ಪಿವಿಸಿ ತುದಿಗೆ ಸಾಲ್ವೆಂಟ್ (ಪಿವಿಸಿ ಅಂಟಿಸುವ ಗೋಂದು) ಸವರಿ, ಮರಳು ಉದುರಿಸಿ, ಒರಟು ಮಾಡಿ ಕೂರಿಸಬೇಕಿತ್ತು. ಆ ಹತ್ತು ನಿಮಿಷದ ಕೆಲಸ ಬಿಟ್ಟಿದ್ದರೆ ಸಂದು ಬಿಟ್ಟುಕೊಂಡಿರುತ್ತದೆ. ಮನೆಗೆ ಹೊಸ ಬಾತ್‌ರೂಮ್ ಸೇರಿಸಿದ್ದರೆ ಮೊದಲ ಅನುಮಾನ ಅಲ್ಲಿರಲಿ.

ಮೂರನೆಯದು, ಒಳಗೆ ಹೋಗಲು ಬಾಯಿ ಇದೆಯೆ? ಕಮೋಡಿನ ಟ್ರ್ಯಾಪಿನ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಬಾಗಿನ, ಸುರುಳಿ ದಾಟಿ ರಾಡಿನ ತುದಿಯ ರೀಲ್ ಕ್ಯಾಮೆರಾ ಹೋಗುವುದಿಲ್ಲ. ಚೇಂಬರಿನಿಂದ, ಅಂದರೆ ಪೈಪುಗಳು ಸೇರುವ ಮುಚ್ಚಳದ ಗುಂಡಿಯಿಂದ, ಮೇಲ್ಮುಖವಾಗಿ ಬಿಡಬೇಕು, ಇಲ್ಲವೇ ಕಮೋಡ್ ಬಿಚ್ಚಬೇಕು. ಚೇಂಬರಿನ ಮೇಲೆ ಟೈಲ್ಸ್ ಹಾಕಿಸಿ ಮರೆತ ಮನೆಗಳು ಕಡಿಮೆಯೇನಿಲ್ಲ.

ಇನ್ನು ಋತು. ಇದನ್ನು ಯಾರೂ ಕೇಳುವುದಿಲ್ಲ, ಮಲೆನಾಡಿನಲ್ಲಿ ಅರ್ಧ ಉತ್ತರ ಇರುವುದೇ ಇದರಲ್ಲಿ. ಪೈಪಿನ ಬಿರುಕು, ಜಾರಿದ ಸಂದು ನೋಡಲು ಬೇಸಿಗೆ ಒಳ್ಳೆಯದು. ಆದರೆ ಹೊರಗಿನ ನೀರು ಎಲ್ಲಿಂದ ಒಳಗೆ ಬರುತ್ತಿದೆ ಅನ್ನುವುದು ಜಲ ಎದ್ದಾಗ, ಅಂದರೆ ನೆಲದಡಿಯ ನೀರು ಮೇಲೇರುವ ಜುಲೈ–ಆಗಸ್ಟಿನಲ್ಲಿ ಮಾತ್ರ ಕಾಣುತ್ತದೆ. ಮಾರ್ಚಿನಲ್ಲಿ ಅದೇ ಸಂದು ಒಣಗಿ ಬೆಪ್ಪಾಗಿ ಕೂತಿರುತ್ತದೆ.

ಮುಚ್ಚಳ, ಬಕೆಟ್ಟು, ಕನ್ನಡಿ

ಯಾರನ್ನು ಕರೆಸುವ ಮುಂಚೆಯೂ ಇದು ಆಗಬೇಕು. ಖರ್ಚು ಹೆಚ್ಚುಕಮ್ಮಿ ಸೊನ್ನೆ, ಬೇಕಾದ್ದು ಒಂದು ಮಧ್ಯಾಹ್ನ.

ಕೊನೆಯ ಮುಚ್ಚಳದಿಂದ ಶುರು ಮಾಡಿ. ಯುಜಿಡಿ ಮನೆಯಾದರೆ ರಸ್ತೆಗೆ ಹತ್ತಿರದ ಚೇಂಬರ್. ಅದರಲ್ಲೇ ನೀರು ನಿಂತಿದ್ದರೆ ತೊಂದರೆ ನಿಮ್ಮ ಮನೆಯೊಳಗಿನದ್ದಲ್ಲ, ಅದರಿಂದ ಮುಂದಿನದ್ದು. ರಸ್ತೆಯ ಲೈನು ತುಂಬಿದ್ದರೆ ಪಾಲಿಕೆಗೆ ದೂರು ಕೊಡಿ, ಕ್ಯಾಮೆರಾದವರಿಗೆ ಫೋನು ಬೇಡ. ಕೊನೆಯ ಚೇಂಬರ್ ಖಾಲಿ ಇದ್ದು ಅದರ ಹಿಂದಿನದು ತುಂಬಿದ್ದರೆ ಬ್ಲಾಕು ಆ ಎರಡರ ನಡುವೆ.

ಸೆಪ್ಟಿಕ್ ಟ್ಯಾಂಕಿನ ಮನೆಯಾದರೆ ಟ್ಯಾಂಕಿನ ಮುಚ್ಚಳ. ತೆಗೆದು ಕಾಲು ಗಂಟೆ ಗಾಳಿಯಾಡಲು ಬಿಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ, ಬಗ್ಗಿ ಮೂಗು ಹಾಕುವುದೂ ಬೇಡ. ಒಳಗಿನ ಮೀಥೇನ್ ಹೊತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನಾದರೂ ಟ್ಯಾಂಕಿಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಸಕ್ಕಿಂಗ್ ಗಾಡಿ ಇರುವುದು ಅದಕ್ಕೇ. ದೂರದಿಂದ ಟಾರ್ಚ್ ಬಿಟ್ಟು ನೀರಿನ ಮಟ್ಟ ನೋಡಿ. ಸರಿಯಾಗಿ ಕಟ್ಟಿದ ಟ್ಯಾಂಕಿನಲ್ಲಿ ಹೊರಹೋಗುವ ಪೈಪು ಒಳಬರುವ ಪೈಪಿಗಿಂತ ಸುಮಾರು 5 ಸೆಂ.ಮೀ. ಕೆಳಗಿರುತ್ತದೆ, ನೀರು ನಿಲ್ಲಬೇಕಾದ್ದು ಹೊರಹೋಗುವ ಪೈಪಿನ ಮಟ್ಟಕ್ಕೆ. ನೀರು ಒಳಬರುವ ಪೈಪನ್ನೂ ಮುಳುಗಿಸಿದ್ದರೆ ದೋಷ ಟ್ಯಾಂಕಿನಿಂದ ಆಚೆ. ಇಂಗುಗುಂಡಿ ಕಟ್ಟಿಕೊಂಡಿದೆ, ಅಥವಾ ಜಲ ಎದ್ದು ಇಂಗುಗುಂಡಿಯೇ ಮುಳುಗಿದೆ. ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲದ ‘ಬ್ಲಾಕು’ ಹಲವು ಸಲ ಇದೇ. ಮನೆಯಿಂದ ಟ್ಯಾಂಕಿನವರೆಗಿನ ಪೈಪಿಗೆ ಎಷ್ಟು ದುಬಾರಿ ಕ್ಯಾಮೆರಾ ಬಿಟ್ಟರೂ ಅಲ್ಲಿ ಕಾಣುವುದು ನಿಂತ ನೀರು ಮಾತ್ರ.

ಮಳೆಯ ನಡತೆಯನ್ನೂ ಗಮನಿಸಿ. ಜೋರು ಮಳೆ ಹೊಡೆದ ಹತ್ತು–ಹದಿನೈದು ನಿಮಿಷದಲ್ಲಿ ಚೇಂಬರ್ ತುಂಬಿ, ಮಳೆ ನಿಂತ ಕೂಡಲೇ ಇಳಿದರೆ ಯಾರೋ ಹೆಂಚಿನ ದೋಣಿ ನೀರನ್ನೋ ಅಂಗಳದ ನೀರನ್ನೋ ಅದಕ್ಕೆ ಸೇರಿಸಿದ್ದಾರೆ. ಎರಡು ಮೂರು ದಿನ ಹಿಡಿದು ಸುರಿದ ಮೇಲೆ ನಿಧಾನಕ್ಕೆ ಏರಿ, ಹೊಳವಾದರೂ ಇಳಿಯದಿದ್ದರೆ ನೆಲದ ನೀರು ಸಂದಿಯಿಂದ ಒಳಗೆ ಬರುತ್ತಿದೆ. ಮೊದಲನೆಯದಕ್ಕೆ ಕ್ಯಾಮೆರಾ ಅನವಶ್ಯಕ, ದೋಣಿ ಪೈಪನ್ನು ಬೇರೆ ಮಾಡಿದರೆ ಸಾಕು. ಎರಡನೆಯದಕ್ಕೆ ಕ್ಯಾಮೆರಾ ನಿಜಕ್ಕೂ ಉಪಯೋಗ.

ಆಮೇಲೆ ಬಕೆಟ್ಟು. ಎರಡು ತುಂಬು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕದಡಿ ಒಂದೇ ಸಲ ಕಮೋಡಿಗೆ ಸುರಿಯಿರಿ. ಇನ್ನೊಬ್ಬರು ಚೇಂಬರಿನ ಬಳಿ ನಿಂತು ಸೆಕೆಂಡು ಎಣಿಸಲಿ. 4 ಇಂಚು ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಇರಬೇಕು. ಇದ್ದರೆ 12 ಮೀಟರನ್ನು ನೀರು ಅರ್ಧ ನಿಮಿಷದೊಳಗೆ ದಾಟುತ್ತದೆ. ನಿಧಾನಕ್ಕೆ, ಸಣ್ಣ ಧಾರೆಯಾಗಿ, ನಿಮಿಷಗಟ್ಟಲೆ ಬರುತ್ತಿದ್ದರೆ ನಡುವೆ ತಗ್ಗೋ ಅಡ್ಡವೋ ಇದೆ. ನೀಲಿ ಬರಲೇ ಇಲ್ಲವೆಂದರೆ ಆ ಪೈಪು ನೀವು ತಿಳಿದ ಚೇಂಬರಿಗೆ ಬರುತ್ತಲೇ ಇಲ್ಲ.

ಎರಡು ಚೇಂಬರಿನ ನಡುವೆ ಲೈನು ನೇರವಿದ್ದರೆ ಕನ್ನಡಿ ಸಾಕು. ಮೇಲಿನ ಚೇಂಬರಿನ ಪೈಪಿನ ಬಾಯಿಗೆ ಟಾರ್ಚ್ ಹಿಡಿದು, ಕೆಳಗಿನ ಚೇಂಬರಿನಲ್ಲಿ ಕೈಗನ್ನಡಿಯನ್ನು ಓರೆಯಾಗಿ ಇಟ್ಟು ನೋಡಿದರೆ ಸರಿ ಇರುವ ಪೈಪಿನಲ್ಲಿ ಬೆಳಕು ಪೂರ್ತಿ ದುಂಡಗೆ ಕಾಣುತ್ತದೆ. ಅರ್ಧಚಂದ್ರ ಕಂಡರೆ ಪೈಪು ಕುಸಿದಿದೆ ಅಥವಾ ಹೂಳು ಕೂತಿದೆ. ಟೆನಿಸ್ ಬಾಲ್ ಉರುಳಿಸಿ ನೋಡುವ ಸಾಹಸ ಬೇಡ, ಸಿಕ್ಕಿಕೊಂಡರೆ ಹೊಸ ಬ್ಲಾಕು ಅದೇ.

ಸೋರಿಕೆಯ ಪ್ರಶ್ನೆಗೆ ನೀರು ಕಟ್ಟಿ ನೋಡುವ ಪರೀಕ್ಷೆಯೇ ಗಟ್ಟಿ. ಕೆಳಗಿನ ಚೇಂಬರಿನಲ್ಲಿ ಪೈಪಿನ ಬಾಯಿಗೆ ರಬ್ಬರ್ ಪ್ಲಗ್ ಬಿಗಿದು ಮೇಲಿನಿಂದ ನೀರು ತುಂಬಿಸಿ. 4 ಇಂಚು ಪೈಪು ಮೀಟರಿಗೆ ಸುಮಾರು 8 ಲೀಟರ್ ಹಿಡಿಯುತ್ತದೆ. ಮೇಲಿನ ಚೇಂಬರಿನಲ್ಲಿ ಪೈಪಿನ ತಲೆ ಮುಳುಗುವಷ್ಟಾದ ಮೇಲೆ ಒಂದು ಗಂಟೆ ಬಿಡಿ, ಹಳೇ ಇಟ್ಟಿಗೆ, ಗಾರೆ ಮೊದಲು ತಾವು ಕುಡಿಯುತ್ತವೆ. ಮತ್ತೆ ತುಂಬಿಸಿ, ಸೀಮೆಸುಣ್ಣದ ಗೆರೆ ಎಳೆದು, ಅರ್ಧ ಗಂಟೆ ಬಿಟ್ಟು ನೋಡಿ. 60 ಸೆಂ.ಮೀ. ಚೌಕದ ಚೇಂಬರಿನಲ್ಲಿ ಒಂದು ಸೆಂ.ಮೀ. ಇಳಿದರೆ 3.6 ಲೀಟರ್ ಹೋಯಿತೆಂದು ಲೆಕ್ಕ. ಎರಡು ಮೂರು ಸೆಂ.ಮೀ. ಇಳಿದಿದ್ದರೆ ಎಲ್ಲೋ ಸಂದು ಬಿಟ್ಟಿದೆ. ಇದನ್ನು ಬೇಸಿಗೆಯಲ್ಲೇ ಮಾಡಿ. ಜಲ ಎದ್ದಾಗ ಹೊರಗಿನ ನೀರಿನ ಒತ್ತಡವೇ ಸೋರಿಕೆಯನ್ನು ತಡೆದು ಮೋಸ ಮಾಡುತ್ತದೆ.

ಈ ಪರೀಕ್ಷೆಗಳ ಮಿತಿ ಒಂದೇ: ‘ಇದೆ’ ಅನ್ನುತ್ತವೆ, ‘ಇಲ್ಲಿದೆ’ ಅನ್ನುವುದಿಲ್ಲ.

ಫೋನಿಗೆ ಸಿಕ್ಕಿಸುವ ಕ್ಯಾಮೆರಾ

ಆನ್‌ಲೈನಿನಲ್ಲಿ ಸಾವಿರ–ಎರಡು ಸಾವಿರಕ್ಕೆ ಸಿಗುವ, 5.5 ಅಥವಾ 8 ಮಿ.ಮೀ. ತಲೆಯ, 5ರಿಂದ 10 ಮೀಟರ್ ವೈರಿನ ಸಾಧನ. ಒಂದು ಗೇಣು ದೂರದೊಳಗಿನದ್ದನ್ನು ಚೆನ್ನಾಗಿ ತೋರಿಸುತ್ತದೆ. ದೊಡ್ಡ ಪೈಪಿನಲ್ಲಿ ವೈರು ಅಡಿಯಲ್ಲಿ ಮಲಗಿ ಬರೀ ಕೆಸರು ಕಾಣುತ್ತದೆ. ಎರಡು ಮೂರು ಮೀಟರ್ ಆದ ಮೇಲೆ ತಳ್ಳಿದ್ದು ಮುಂದೆ ಹೋಗದೆ ಒಳಗೇ ಸುತ್ತಿಕೊಳ್ಳುತ್ತದೆ. ಅದನ್ನು ಸೀಳಿದ ಬಿದಿರ ದಬ್ಬೆಗೋ ಎಲೆಕ್ಟ್ರಿಕಲ್ ಕಂಡ್ಯೂಟ್ ಪೈಪಿಗೋ ಟೇಪಿನಿಂದ ಬಿಗಿದು, ಅಡಿಗೊಂದು ಗುರುತು ಹಾಕಿ, ತಲೆಯ ಹಿಂದೆ ಬಟ್ಟೆ ಸುತ್ತಿ ಅರ್ಧ ಇಂಚು ಎತ್ತರಿಸಿದರೆ ಕೆಲಸಕ್ಕೆ ಬರುತ್ತದೆ. ಜೊತೆಗೆ ಕೊಡುವ ಕೊಕ್ಕೆ, ಪುಟ್ಟ ಕನ್ನಡಿ ತೆಗೆದಿಡಿ, ಅವು ಕಳಚಿ ಒಳಗೆ ಬೀಳುತ್ತವೆ. ಬಚ್ಚಲಿನ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪ್, ಸಿಂಕಿನ ಪೈಪು, ಚೇಂಬರಿನಿಂದ ಒಳಗಿನ ಮೊದಲ ಒಂದೆರಡು ಮೀಟರ್ ನೋಡಲು ಸಾಕು. ಪಿವಿಸಿ–ಎಸ್‌ಡಬ್ಲ್ಯು ಸಂದು ಆ ಅಂತರದಲ್ಲಿದ್ದರೆ ಕೊಟ್ಟ ಕಾಸು ವಸೂಲು. ಇಡೀ ಲೈನಿನ ತೀರ್ಪು ಕೊಡಲು ಇದಕ್ಕೆ ಯೋಗ್ಯತೆ ಇಲ್ಲ.

ರೀಲ್ ಕ್ಯಾಮೆರಾ

ನಿಜವಾದ ಪೈಪ್ ಕ್ಯಾಮೆರಾ ಇದು. ಗಟ್ಟಿ ಫೈಬರ್ ರಾಡಿನ ತುದಿಯಲ್ಲಿ ಹೆಬ್ಬೆರಳು ಗಾತ್ರದ ತಲೆ, ಸುತ್ತ ಎಲ್‌ಇಡಿ, ಇನ್ನೊಂದು ತುದಿಯಲ್ಲಿ ರೀಲು, ಸ್ಕ್ರೀನು, ಎಷ್ಟು ದೂರ ಹೋಯಿತೆಂದು ತೋರಿಸುವ ಕೌಂಟರ್. ರಾಡು ಸಾಮಾನ್ಯವಾಗಿ 20ರಿಂದ 60 ಮೀಟರ್. 45 ಡಿಗ್ರಿಯ ಬೆಂಡನ್ನು ದಾಟುತ್ತದೆ. ಮೊಂಡು 90 ಡಿಗ್ರಿ ಬೆಂಡು ಒಂದಾದ ಮೇಲೊಂದು ಬಂದರೆ ಉಜ್ಜಿ ಉಜ್ಜಿ ನಿಂತುಬಿಡುತ್ತದೆ.

ಕರೆಸುವ ಮುನ್ನ ಕೇಳಬೇಕಾದ ಮುಖ್ಯ ಪ್ರಶ್ನೆ: ತಲೆಯಲ್ಲಿ ಸೋಂಡ್ ಇದೆಯೆ, ಲೊಕೇಟರ್ ತರುತ್ತೀರಾ? ಸೋಂಡ್ ಅಂದರೆ 512 ಹರ್ಟ್ಸ್ ಸಂಕೇತ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್. ನೆಲದ ಮೇಲೆ ಲೊಕೇಟರ್ ಹಿಡಿದು ನಡೆದರೆ ಕ್ಯಾಮೆರಾ ಸರಿಯಾಗಿ ಎಲ್ಲಿದೆ, ಎಷ್ಟು ಆಳದಲ್ಲಿದೆ ತಿಳಿಯುತ್ತದೆ. ಇದಿಲ್ಲದೆ ‘7.4 ಮೀಟರಿನಲ್ಲಿ ಒಡೆದಿದೆ’ ಅಂದರೆ ಆ 7.4 ಮೀಟರ್ ಯಾವ ಗೋಡೆಯ ಅಡಿ ಎಂದು ಊಹಿಸಬೇಕು. ನಡುವೆ ಒಂದು ಬೆಂಡಿದ್ದರೆ ಊಹೆ ತಪ್ಪುತ್ತದೆ. ಕೆಂಪು ಗಾರೆ ನೆಲ ಉಳಿಸಲು ಕರೆಸಿದ ಕ್ಯಾಮೆರಾಕ್ಕೆ ಸೋಂಡ್ ಇಲ್ಲದಿದ್ದರೆ ಕರೆಸಿದ ಉದ್ದೇಶವೇ ಹೋಯಿತು.

ದರ ವಿಚಾರಿಸುವಾಗ ಗಾಡಿ ಖರ್ಚು ಬೇರೆಯೇ, ಲೈನಿಗೆ ಇಷ್ಟೋ ಮೀಟರಿಗೆ ಇಷ್ಟೋ, ತೊಳೆಯುವುದು ಸೇರಿದೆಯೋ, ಕಮೋಡ್ ಬಿಚ್ಚಿ ಕೂರಿಸುವುದು ಯಾರ ಪಾಲು, ವಿಡಿಯೊ ಪೆನ್‌ಡ್ರೈವಿಗೆ ಹಾಕಿ ಕೊಡುತ್ತಾರೋ ಎಲ್ಲ ಮೊದಲೇ ಕೇಳಿಕೊಳ್ಳಿ. ತಂಡ ದೂರದ ಊರಿನಿಂದ ಬರುವುದಾದರೆ ಗಾಡಿ ಖರ್ಚೇ ಭಾರ. ಒಂದೇ ಬೀದಿಯ ಎರಡು ಮೂರು ಹಳೇ ಮನೆಯವರು ಸೇರಿ ಒಂದೇ ದಿನ ಮಾಡಿಸಿದರೆ ಹಂಚಿಹೋಗುತ್ತದೆ.

ಕ್ಯಾಮೆರಾ ಎರಡು ಸಲ ಹೋಗಬೇಕು. ಮೊದಲ ಸಲ ಇದ್ದ ಹಾಗೆಯೇ, ಅಡ್ಡ ಎಲ್ಲಿದೆ ಎಂದು ನೋಡಲು. ತೊಳೆದ ಮೇಲೆ ಮತ್ತೊಮ್ಮೆ, ಪೈಪಿನ ಗೋಡೆ ನೋಡಲು. ತೊಳೆಯದ ಪೈಪಿನಲ್ಲಿ ಜಿಡ್ಡಿನ ಹಿಂದಿನ ಬಿರುಕು ಕಾಣುವುದಿಲ್ಲ. ಮೊದಲ ದೃಶ್ಯದಲ್ಲಿ ನಿಮ್ಮ ಮನೆಯ ಚೇಂಬರ್ ಇರಲಿ, ಕೌಂಟರ್ ಸೊನ್ನೆಯಿಂದ ಶುರುವಾಗಲಿ, ವಿಡಿಯೊ ನಡುವೆ ಕತ್ತರಿಸದಿರಲಿ. ಬೇರೆ ಯಾರದೋ ಮನೆಯ ಒಡಕು ಪೈಪು ತೋರಿಸಿ ಹೆದರಿಸುವುದಕ್ಕೆ ಇಷ್ಟೇ ಮದ್ದು. ಪ್ರತಿ ಸಂದಿನಲ್ಲೂ ಎರಡು ಮೂರು ಸೆಕೆಂಡು ನಿಲ್ಲಿಸಲು ಹೇಳಿ. ಸರ್ರನೆ ಎಳೆದ ವಿಡಿಯೊದಲ್ಲಿ ಸಂದು ಗೆರೆಯ ಹಾಗೆ ಹಾದುಹೋಗುತ್ತದೆ.

ಸ್ಕ್ರೀನಿನಲ್ಲಿ ಕಂಡದ್ದನ್ನು ಓದುವುದು ಬೇರೆಯೇ ವಿದ್ಯೆ. ಅಗಲ ಲೆನ್ಸಿನಿಂದಾಗಿ ಕೂದಲೆಳೆ ಬಿರುಕೂ ಕಂದಕದ ಹಾಗೆ ಕಾಣುತ್ತದೆ. ಅದರಿಂದ ಮಣ್ಣು ಒಳಗೆ ಬರುತ್ತಿಲ್ಲ, ಚೂರು ಕಳಚಿಲ್ಲ ಎಂದರೆ ಅಗೆಯುವ ಅವಸರವಿಲ್ಲ. ಕ್ಯಾಮೆರಾ ನೀರಿನಲ್ಲಿ ಮುಳುಗಿದರೆ ಎರಡು ಕಾರಣ ಇರಬಹುದು: ಪೈಪು ಅಲ್ಲಿ ತಗ್ಗಾಗಿದೆ, ಅಥವಾ ಮುಂದೆ ಬ್ಲಾಕಾಗಿ ನೀರು ಹಿಂದೆ ನಿಂತಿದೆ. ಮುಂದಿನದ್ದನ್ನು ತೊಳೆಸಿ, ಒಂದು ಬಕೆಟ್ ಸುರಿದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗಲೂ ಅಲ್ಲೇ ನೀರು ನಿಂತಿದ್ದರೆ ತಗ್ಗು ನಿಜ. ಕೂದಲ ಗೊಂಚಲಿನಂತೆ ಮೇಲಿನಿಂದ ಇಳಿಬಿದ್ದದ್ದು ಬೇರು. ಅಡಿಕೆ, ತೆಂಗಿನ ನಾರುಬೇರು ಸಂದಿಯಲ್ಲಿ ನುಸುಳಿ ಒಳಗೆ ಪೊರಕೆಯಂತೆ ಹರಡುತ್ತದೆ. ಕತ್ತರಿಸಿದರೆ ದಾರಿ ಸಿಗುತ್ತದೆ, ಸಂದು ಹಾಗೇ ಬಿಟ್ಟರೆ ಬೇರು ಮತ್ತೆ ಬರುತ್ತದೆ.

ಇಷ್ಟಾದರೂ ಕ್ಯಾಮೆರಾ ಒಳಗಣ್ಣು ಮಾತ್ರ. ಪೈಪಿನ ಹೊರಗೆ ಮಣ್ಣು ಕೊಚ್ಚಿ ಪೊಳ್ಳಾಗಿರುವುದು, ಬೇಸಿಗೆಯಲ್ಲಿ ಸಂದಿಯಿಂದ ಹೊರಗೆ ಸೋರುವುದು ಅದಕ್ಕೆ ಕಾಣುವುದಿಲ್ಲ.

ಚಕ್ರದ ಮೇಲೆ ಓಡುವ ರೋಬೋಟ್ ಕ್ಯಾಮೆರಾದ ಬಗ್ಗೆ ಕೇಳುವವರಿದ್ದಾರೆ. ಅದು ರಸ್ತೆಯ ದೊಡ್ಡ ಲೈನಿಗೆ, 4 ಇಂಚಿನ ಮನೆ ಪೈಪಿಗಲ್ಲ.

ಬರೀ ಜೆಟ್ಟಿಂಗ್ ಮಾಡಿಸಿದರೆ?

ಅಡುಗೆಮನೆಯ ಜಿಡ್ಡು, ಮರಳು, ಕೂದಲು ಕಾರಣವಾದರೆ ಒತ್ತಡದ ನೀರು ಹಾಯಿಸಿ ತೊಳೆಯುವ ಈ ಜೆಟ್ಟಿಂಗೇ ಉತ್ತರ, ಕ್ಯಾಮೆರಾ ಬೇಕಿಲ್ಲ. ಆದರೆ ಎಸ್‌ಡಬ್ಲ್ಯು ಲೈನು ಎಂದು ಮುಂಚೆಯೇ ಹೇಳಿ, ಒತ್ತಡ ಕಡಿಮೆ ಇಡಿಸಿ. ಸಡಿಲ ಗಾರೆಯ ಸಂದನ್ನು ಜೋರು ಜೆಟ್ ಎಬ್ಬಿಸಿಬಿಡುತ್ತದೆ. ಜೆಟ್ಟಿಂಗ್ ಆಗಿ ಆರು ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿಕೊಂಡರೆ ಜಿಡ್ಡು ಕಾರಣವಲ್ಲ, ಪೈಪಿನಲ್ಲೇ ಏನೋ ಇದೆ. ಕ್ಯಾಮೆರಾಕ್ಕೆ ಆಗ ಅರ್ಥ ಬರುತ್ತದೆ.

ನೋಡದೆಯೇ ಅಗೆದು ಹೊಸದು ಹಾಕುವುದು

ಕೇಳಲು ಒರಟು ಉಪಾಯ, ಹಿತ್ತಲಿನ ಲೈನಿಗೆ ಬಹಳ ಸಲ ಇದೇ ಜಾಣತನ. 12 ಮೀಟರ್ ಉದ್ದ, 45 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಕಾಲುವೆ ಅಂದರೆ ಮೂರು ಘನ ಮೀಟರ್ ಚಿಲ್ಲರೆ ಮಣ್ಣು, ಮೆತ್ತನೆ ನೆಲದಲ್ಲಿ ಇಬ್ಬರಿಗೆ ಒಂದೆರಡು ದಿನದ ಕೆಲಸ. ಜಂಬಿಟ್ಟಿಗೆಯ ಗಟ್ಟಿ ಪದರ ಸಿಕ್ಕರೆ ಹೆಚ್ಚು. ಕೊಳಚೆಗೆ, ಮಳೆ ನೀರಿಗೆಂದೇ ಮಾಡುವ 110 ಮಿ.ಮೀ. ಎಸ್‌ಡಬ್ಲ್ಯುಆರ್ ಪಿವಿಸಿ 3 ಮೀಟರಿನದು ನಾಲ್ಕು, ಅಡಿಗೆ 10 ಸೆಂ.ಮೀ. ಮರಳು, ಪೈಪಿಗೆ ಕಲ್ಲು ತಾಗದಂತೆ ಮೇಲೂ ಮರಳು. ತಿರುವಿನಲ್ಲಿ 90ರ ಒಂದು ಬೆಂಡಿನ ಬದಲು 45ರ ಎರಡು, ಜೊತೆಗೊಂದು ಚೇಂಬರ್. ‘ಇರಲಿ’ ಎಂದು 6 ಇಂಚು ಹಾಕಬೇಡಿ, ಕಡಿಮೆ ನೀರು ದೊಡ್ಡ ಪೈಪಿನಲ್ಲಿ ತೆಳ್ಳಗೆ ಹರಡಿ ಗಟ್ಟಿ ಪದಾರ್ಥವನ್ನು ಅಲ್ಲೇ ಬಿಟ್ಟುಹೋಗುತ್ತದೆ.

ಕ್ಯಾಮೆರಾದ ಒಟ್ಟು ಖರ್ಚು ಹೊಸ ಲೈನಿನ ಖರ್ಚಿನ ಕಾಲು ಭಾಗಕ್ಕಿಂತ ಹೆಚ್ಚಾಗುವಂತಿದ್ದು, ಮೇಲೆ ಬರೀ ಮಣ್ಣಿದ್ದರೆ, ನೇರ ಹಾರೆ ಹಿಡಿಯಿರಿ. ಹಳೇ ಎಸ್‌ಡಬ್ಲ್ಯುವಿನ ಒಂದು ಸಂದು ಬಿಟ್ಟಿದೆ ಎಂದು ಕಂಡು ಅದನ್ನಷ್ಟೇ ತೇಪೆ ಹಾಕಿಸಿದರೆ ಉಳಿದ ಹತ್ತೊಂಬತ್ತೂ ಅದೇ ವಯಸ್ಸಿನವು.

ಯಾರಿಗೆ ಯಾವುದು

ಶಿವಮೊಗ್ಗದ ದುರ್ಗಿಗುಡಿಯಂಥ ಕಡೆ, ಲೈನು ಮನೆಯೊಳಗಿಂದ ಹಾದು ಯುಜಿಡಿಗೆ ಸೇರುವ ಹಳೇ ಮನೆ: ಬಕೆಟ್, ಕನ್ನಡಿ ಪರೀಕ್ಷೆ ಮುಗಿಸಿ, ದೋಷ ಮನೆಯ ಅಡಿಯಲ್ಲೇ ಎಂದು ಖಾತ್ರಿಯಾದರೆ ಸೋಂಡ್ ಇರುವ ಕ್ಯಾಮೆರಾಕ್ಕೆ ಖರ್ಚು ಮಾಡಿ. ಇಡೀ ಲೈನು ಹೋಗಿದೆ ಎಂದು ಕಂಡರೆ ಒಳಗೆ ಅಗೆಯುವ ಬದಲು ಪಕ್ಕದ ಓಣಿಯಲ್ಲಿ ಹೊಸ ದಾರಿ ಸಾಧ್ಯವೇ ಎಂದು ಇಳಿಜಾರು ಅಳೆಯಿಸಿ.

ಹಳೇ ಮನೆ ಕೊಳ್ಳುವವರು: ಕರಾರಿಗೆ ಮುಂಚೆ ಎಲ್ಲ ನಲ್ಲಿ ಹತ್ತು ನಿಮಿಷ ಬಿಟ್ಟು ಎಲ್ಲ ಚೇಂಬರ್ ತೆಗೆಸಿ ನೋಡಿ. ಮುಚ್ಚಳ ತೆಗೆಯಲು ಮನೆಯವರು ಹಿಂದೆಮುಂದೆ ನೋಡಿದರೆ ಕ್ಯಾಮೆರಾ ಬಿಡಿಸಿಯೇ ಬೆಲೆ ಮಾತಾಡಿ.

ತೊಟ್ಟಿ ಮನೆಯನ್ನು ಹೋಮ್‌ಸ್ಟೇ ಮಾಡುವವರು ನಾಲ್ಕು ಜನರ ಪೈಪಿಗೆ ಇಪ್ಪತ್ತು ಜನರ ನೀರು ಬಿಡುತ್ತಿದ್ದಾರೆ. ಹೊಸ ಬಾತ್‌ರೂಮುಗಳನ್ನು ಹಳೇ ಲೈನಿಗೆ ಸೇರಿಸದೆ ಹೊರಗಿನಿಂದ ಬೇರೆ ಲೈನು ತಂದರೆ ಹಳೆಯದನ್ನು ನೋಡಿಸುವ ಪ್ರಶ್ನೆಯೇ ಬರುವುದಿಲ್ಲ. ಸೇರಿಸಲೇಬೇಕೆಂದರೆ ಟೈಲ್ಸ್ ಕೂರಿಸುವ ಮುಂಚೆ ಕ್ಯಾಮೆರಾ, ನೀರು ಕಟ್ಟುವ ಪರೀಕ್ಷೆ ಎರಡೂ.

ಬಾವಿ ನೀರು ಕುಡಿಯುವ ತೋಟದ ಮನೆ: ಇಲ್ಲಿ ಪ್ರಶ್ನೆ ಬ್ಲಾಕಿನದ್ದಲ್ಲ, ಸೋರಿಕೆಯದ್ದು, ಕ್ಯಾಮೆರಾ ಅದನ್ನು ಸಾಬೀತು ಮಾಡುವುದಿಲ್ಲ. ಸೆಪ್ಟಿಕ್ ಟ್ಯಾಂಕಿನ ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್ ಎಂಬುದು ಭಾರತೀಯ ಮಾನಕದ ಮಾತು. ಜಂಬಿಟ್ಟಿಗೆ ನೆಲದ ತೂತುಗಳಲ್ಲಿ ನೀರು ಸೋಸದೆ ಹರಿಯುವುದರಿಂದ ಅದೂ ಸಾಲದಾಗಬಹುದು. ಎಚ್‌ಟುಎಸ್ ಬಾಟಲಿಯಲ್ಲಿ (ಮಲದ ಬ್ಯಾಕ್ಟೀರಿಯಾ ಇದ್ದರೆ ಬಣ್ಣ ತಿರುಗುವ ಪರೀಕ್ಷಾ ಬಾಟಲಿ) ಬಾವಿ ನೀರು ಹಾಕಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಅಂಶ ಸೇರಿದೆ ಎಂಬ ಅನುಮಾನ ಬಲವಾಗುತ್ತದೆ, ಅಂದಿನಿಂದಲೇ ಕುದಿಸಿ ಕುಡಿಯಿರಿ. ಕಮೋಡಿಗೆ ಹಾಕಿದ ಬಣ್ಣ ಬಾವಿಯಲ್ಲಿ ಕಂಡರೆ ಸಂಶಯವೇ ಬೇಡ. ಕಾಣದಿದ್ದರೆ ನೆಮ್ಮದಿಯೂ ಬೇಡ, ಬಣ್ಣವನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ. ಬಾವಿಯ ಹತ್ತಿರ ಹಾದುಹೋಗುವ ಎಸ್‌ಡಬ್ಲ್ಯು ಲೈನನ್ನು ಪರೀಕ್ಷೆಗೂ ಕಾಯದೆ ರಬ್ಬರ್ ರಿಂಗಿನ ಪಿವಿಸಿಗೆ ಬದಲಿಸಿ. ಏಪ್ರಿಲ್–ಮೇನಲ್ಲೇ ಮುಗಿಸಿಕೊಳ್ಳಿ. ಆರಿದ್ರಾ ಶುರುವಾದರೆ ತೋಡಿದ ಕಾಲುವೆಯ ದಂಡೆ ಬೆಳಗಾಗುವುದರೊಳಗೆ ಕುಸಿದಿರುತ್ತದೆ.